ಅಣೆಕಟ್ಟು ತುಂಬದ ವರ್ಷಕ್ಕೂ ಒಂದು ನಿಯಮ ಬರೆದಿಡಿ

ತುಂಗಭದ್ರಾ ಎಡದಂಡೆ ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕು ಎಂದು ಕೂತು ತೀರ್ಮಾನಿಸುವ ಮಂತ್ರಿಗಳಿಗೆ, ಶಾಸಕರಿಗೆ, ಇಂಜಿನಿಯರುಗಳಿಗೆ ಮತ್ತು ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಎಡದಂಡೆ ಕಾಲುವೆಯ ಕೆಳಭಾಗದ ಒಬ್ಬ ರೈತ. ಊರಿನ ಹೆಸರು ಬೇಡ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಯಾವ ಊರಿನವರು ಬರೆದರೂ ಈ ಪತ್ರ ಹೆಚ್ಚು ಕಡಿಮೆ ಹೀಗೇ ಇರುತ್ತಿತ್ತು. ಪ್ರತಿ ವರ್ಷ ನೀವು ಸಭೆ ಸೇರುತ್ತೀರಿ. ಜಲಾಶಯದಲ್ಲಿ ಎಷ್ಟಿದೆ, ಒಳಹರಿವು ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನೀರು ಎಂದು ತೀರ್ಮಾನಿಸುತ್ತೀರಿ. ಮರುದಿನ ಪೇಪರಿನಲ್ಲಿ ಬರುತ್ತದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಲಕ್ಷಾಂತರ ಎಕರೆಯಲ್ಲಿ ಏನು ಬೆಳೆಯಬೇಕು ಎನ್ನುವುದು ಆ ನಾಲ್ಕು ಸಾಲಿನ ಸುದ್ದಿಯಿಂದ ಗೊತ್ತಾಗುತ್ತದೆ.

ನಾನು ಕೇಳುವುದು ಒಂದೇ. ಅಣೆಕಟ್ಟು ತುಂಬಿದ ವರ್ಷ ಏನು ಮಾಡಬೇಕು ಎನ್ನುವುದು ನಿಮಗೆ ಚೆನ್ನಾಗಿ ಗೊತ್ತು. ಬಾಗಿನ ಅರ್ಪಿಸುವುದರಿಂದ ಹಿಡಿದು ಎರಡನೇ ಬೆಳೆಯ ದಿನಾಂಕದವರೆಗೆ ಎಲ್ಲವೂ ರೂಢಿಯಾಗಿದೆ. ತುಂಬದ ವರ್ಷಕ್ಕೆ ಮಾತ್ರ ರೂಢಿಯೂ ಇಲ್ಲ, ಬರಹವೂ ಇಲ್ಲ. ಆ ವರ್ಷ ಯಾರ ಪಾಲಿನಲ್ಲಿ ಎಷ್ಟು ಕಡಿತ, ಯಾವ ಬೆಳೆಗೆ ನೀರು, ಯಾವ ತಾರೀಖಿಗೆ ಗೊತ್ತಾಗಬೇಕು ಎನ್ನುವುದನ್ನು ಬರ ಬರುವ ಮೊದಲೇ ಬರೆದಿಡಿ. ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

2023ರಿಂದ 2025ರವರೆಗಿನ ಮೂರು ವರ್ಷಗಳನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಮ್ಮ ಅಣೆಕಟ್ಟು ತುಂಬಲಿಲ್ಲ. ಕಾಲುವೆಗೆ ನೀರು ಬಂತೆಂದು ಮೇಲ್ಭಾಗದವರು ನಾಟಿ ಮಾಡಿದರು, ಅವರನ್ನು ನೋಡಿ ನಾವೂ ಸಸಿ ಹಾಕಿದೆವು. ಆಮೇಲೆ ಮೋಡ ಬರಲೇ ಇಲ್ಲ. ಹೊಡೆ ತುಂಬುವ ಹೊತ್ತಿಗೆ ನಮ್ಮ ಉಪಕಾಲುವೆಯಲ್ಲಿ ಕಪ್ಪೆಗೂ ಸಾಲದಷ್ಟು ನೀರು. ಕೆಲವರು ಹಳ್ಳಕ್ಕೆ ಪಂಪ್ ಇಟ್ಟರು, ಕೆಲವರು ಟ್ಯಾಂಕರ್ ತರಿಸಿದರು, ಕೆಲವರು ದನ ಬಿಟ್ಟು ಮೇಯಿಸಿದರು. ಆಗ ನಾವು ಕೆಲವರು ಒಂದು ಕಚೇರಿಗೆ ಹೋಗಿ ಕೇಳಿದ್ದೆವು. "ಮೇಲಿಂದಲೇ ಬರ್ತಿಲ್ಲ, ನಾವೇನು ಮಾಡೋಣ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಬಂದಷ್ಟನ್ನು ಯಾವ ಲೆಕ್ಕದಲ್ಲಿ ಹಂಚುತ್ತಿದ್ದೀರಿ ಎಂದು ಕೇಳಿದರೆ ತೋರಿಸಲು ಅವರ ಬಳಿ ಒಂದು ಹಾಳೆಯೂ ಇರಲಿಲ್ಲ.

2024ರಲ್ಲಿ ಇದರ ಉಲ್ಟಾ. ಜುಲೈನಲ್ಲಿ ಮಲೆನಾಡಿನಲ್ಲಿ ಜೋರು ಮಳೆ. ಆಗಸ್ಟ್ ಮೊದಲ ವಾರಕ್ಕೆ ಅಣೆಕಟ್ಟು ತುಂಬಿ ತುಳುಕುತ್ತಿತ್ತು. ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ (ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ತಡೆಯುವ ಬಾಗಿಲು) ಚೈನ್ ಕತ್ತರಿಸಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು ಹೋಯಿತು ಅಷ್ಟೇ. ಆದರೆ ಅದನ್ನು ಮುಚ್ಚಲು ಉಳಿದ ಗೇಟುಗಳನ್ನೂ ಎತ್ತಿ ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಅಡ್ಡ ಹಲಗೆ) ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದ ಕೆಲಸಗಾರರಿಗೆ, ತಜ್ಞರಿಗೆ ನಮ್ಮ ಕಡೆಯ ಪ್ರತಿಯೊಬ್ಬ ರೈತನೂ ಕೈಮುಗಿದಿದ್ದಾನೆ. ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಮಳೆ ಮತ್ತೆ ಬಂತು, ಅಣೆಕಟ್ಟು ಮತ್ತೆ ತುಂಬಿತು. ನಮ್ಮ ಅದೃಷ್ಟ ಚೆನ್ನಾಗಿತ್ತು. 2023ರ ಆಗಸ್ಟ್‌ನಂಥ ಒಣ ತಿಂಗಳು 2024ರಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ.

2025ರಲ್ಲಿ ಮಳೆಗೆ ಕೊರತೆ ಇರಲಿಲ್ಲ. ಆದರೆ ಹಳೇ ಗೇಟುಗಳ ಮೇಲೆ ಭಾರ ಹಾಕಬಾರದೆಂದು ಸಂಗ್ರಹವನ್ನು 80 ಟಿಎಂಸಿಗೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಮಿತಿಗೊಳಿಸಿದರು. ಸರಿಯಾದ ಎಚ್ಚರಿಕೆಯೇ. ಆದರೂ ಲೆಕ್ಕ ನೋಡಿ. ಒಂದು ವರ್ಷ ಮಳೆಯಿಲ್ಲದೆ ನೀರಿಲ್ಲ, ಇನ್ನೊಂದು ವರ್ಷ ನೀರಿದ್ದೂ ಹಿಡಿದಿಡಲು ಗೇಟಿಲ್ಲ, ಮತ್ತೊಂದು ವರ್ಷ ಗೇಟಿದ್ದೂ ಅದರ ಮೇಲೆ ನಂಬಿಕೆಯಿಲ್ಲ. ಕಾರಣ ಮೂರೂ ಬೇರೆ ಬೇರೆ. "ತುಂಬಿದ ಅಣೆಕಟ್ಟು" ಎನ್ನುವ ಭರವಸೆ ಮಾತ್ರ ಮೂರೂ ವರ್ಷ ಕೈಯಲ್ಲಿ ನಿಲ್ಲಲಿಲ್ಲ.

ಇನ್ನು ಮಳೆಯ ವಿಷಯ. "ಹವಾಮಾನ ಬದಲಾವಣೆ" ಎಂದ ಕೂಡಲೇ ಸಭೆಗಳಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಹಳೇ ಲೆಕ್ಕಕ್ಕೇ ವಾಪಸು ಹೋಗುತ್ತಾರೆ. ಅದಕ್ಕೇ ಅಣೆಕಟ್ಟಿನ ಭಾಷೆಯಲ್ಲೇ ಹೇಳುತ್ತೇನೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಸುಮಾರು 7% ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಸುರಿಯುವ ದಿನ ಧೋ ಎಂದು ಸುರಿಯುತ್ತದೆ, ನಡುವೆ ಒಣ ದಿನಗಳು ಉದ್ದವಾಗುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ತೋರಿಸಿದ ಪ್ರಕಾರ, ಮಧ್ಯ ಭಾರತದ ಪಟ್ಟಿಯಲ್ಲಿ ದೊಡ್ಡ ಪ್ರದೇಶದಲ್ಲಿ ಒಮ್ಮೆಲೇ ಸುರಿಯುವ ವಿಪರೀತ ಮಳೆ 1950ರಿಂದ 2015ರೊಳಗೆ ಮೂರು ಪಟ್ಟಾಗಿದೆ. ನಮ್ಮ ಹೊಳೆಗೆ ನೀರು ಕೊಡುವುದು ಪಶ್ಚಿಮಘಟ್ಟ. ಅಲ್ಲಿ ಒಂದು ವಾರ ಮಳೆ ಹೊಡೆದರೆ ಹೊಳೆ ಹೇಗೆ ಬರುತ್ತದೆ ಎನ್ನುವುದು ನಿಮ್ಮ ದಿನದಿನದ ಒಳಹರಿವಿನ ಪಟ್ಟಿಯಲ್ಲೇ ಇದೆ.

ಈಗ ಸಣ್ಣ ಲೆಕ್ಕ. ಒಂದು ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಒಂದು ಲಕ್ಷ ಘನ ಅಡಿ) ಒಳಹರಿವು ಒಂದು ದಿನ ನಿಂತರೆ 8.64 ಟಿಎಂಸಿ. ಅಂದರೆ ಖಾಲಿ ಇದ್ದ ಅಣೆಕಟ್ಟು 12 ದಿನಗಳಲ್ಲಿ ತುಂಬಿಬಿಡುತ್ತದೆ. ಅದೇ 12 ದಿನಗಳಲ್ಲಿ ಸುಮಾರು 4,000 ಕ್ಯೂಸೆಕ್ ಓಡುವ ಎಡದಂಡೆ ಕಾಲುವೆ ಬಳಸುವುದು ನಾಲ್ಕು ಟಿಎಂಸಿಯಷ್ಟು ಮಾತ್ರ. ಹದಿಮೂರನೇ ದಿನದಿಂದ ಬಂದಿದ್ದೆಲ್ಲ ಹೊಳೆಗೆ. ನಮ್ಮ ಅಣೆಕಟ್ಟು ಹಿಡಿಯುವುದು 105 ಟಿಎಂಸಿ ಆದರೂ ವರ್ಷಕ್ಕೆ ಅದಕ್ಕಿಂತ ಬಹಳ ಜಾಸ್ತಿ ನೀರು ಕೊಡುತ್ತಿದ್ದದ್ದು ಹೇಗೆ? ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹರಡಿಕೊಂಡು ಬರುತ್ತಿತ್ತು. ಒಂದು ಕಡೆ ಕಾಲುವೆಗಳು ಕುಡಿಯುತ್ತಿದ್ದವು, ಇನ್ನೊಂದು ಕಡೆ ಹೊಳೆ ತುಂಬಿಸುತ್ತಿತ್ತು. ಅದೇ ಮಳೆ ಎರಡು ಮೂರು ಕಂತಿನಲ್ಲಿ ಸುರಿದು ಹೋದರೆ, ಮಳೆಮಾಪನದಲ್ಲಿ "ವಾಡಿಕೆ ಮಳೆ" ಎಂದೇ ದಾಖಲಾಗುತ್ತದೆ. ಕಾಲುವೆಗೆ ಸಿಗುವುದು ಮಾತ್ರ ಕಡಿಮೆ. ವಾಡಿಕೆ ಮಳೆ ಆಗಿದೆ, ಇನ್ನೇನು ಚಿಂತೆ ಎಂದು ನೀವು ಹೇಳುವಾಗ ನಮಗೆ ಭಯವಾಗುವುದು ಇದಕ್ಕೇ.

ಹೂಳಿನ ಕಥೆ ನಿಮಗೆ ಹೊಸದಲ್ಲ. 1953ರ ಸುಮಾರಿಗೆ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ. 2016ರ ಸರ್ವೆಯಲ್ಲಿ ಅದು 105.788 ಟಿಎಂಸಿ. ಸುಮಾರು 27 ಟಿಎಂಸಿ ಜಾಗ ಮಣ್ಣು ನುಂಗಿದೆ. ಚುನಾವಣೆ ಬಂದಾಗಲೆಲ್ಲ "ಹೂಳೆತ್ತುತ್ತೇವೆ" ಎನ್ನುವ ಮಾತು ಬರುತ್ತದೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 27 ಟಿಎಂಸಿಗೆ 76 ಕೋಟಿ ಘನ ಮೀಟರ್. ಒಂದು ಟಿಪ್ಪರ್ 10 ಘನ ಮೀಟರ್ ಹೊತ್ತರೆ ಏಳೂವರೆ ಕೋಟಿ ಲೋಡ್ ದಾಟುತ್ತದೆ. ದಿನಕ್ಕೆ 5,000 ಲೋಡ್, ಹಬ್ಬ ಹರಿದಿನ ರಜೆ ಯಾವುದೂ ಇಲ್ಲದೆ ಸಾಗಿಸಿದರೂ ಸುಮಾರು 42 ವರ್ಷ. ಅಷ್ಟು ಮಣ್ಣು ಎಲ್ಲಿ ಹಾಕುತ್ತೀರಿ? ದಯವಿಟ್ಟು ಈ ಮಾತನ್ನು ವೇದಿಕೆ ಮೇಲೆ ಇನ್ನು ಹೇಳಬೇಡಿ. ಕೆರೆ ಹೂಳೆತ್ತಿದ ಹಾಗೆ ಇದನ್ನೂ ಎತ್ತಬಹುದು ಎಂದು ಜನ ನಂಬಿ ಕೂರುತ್ತಾರೆ. ಮಳೆ ಜೋರಾದಷ್ಟೂ ಮೇಲಿನ ಹೊಲಗಳ ಮಣ್ಣು ಹೊಳೆಗೆ ಬರುವುದೂ ಜಾಸ್ತಿ. ಬದು ಹಾಕಿಸುವ, ಹಳ್ಳ ಕಟ್ಟಿಸುವ ಕೆಲಸ ನಮ್ಮಲ್ಲಿಗಿಂತ ಮೇಲಿನ ಜಿಲ್ಲೆಗಳಲ್ಲಿ ಆಗಬೇಕು. ಅದರಿಂದ ಹಳೇ ಜಾಗ ವಾಪಸು ಬರುವುದಿಲ್ಲ, ಇರುವುದಾದರೂ ಉಳಿಯುತ್ತದೆ.

ಹೊಳೆಗೆ ಹೋಗುವ ಹೆಚ್ಚುವರಿ ನೀರು ಹಿಡಿದಿಡಲು ಕಟ್ಟಬೇಕೆಂದಿರುವ ನವಲಿ ಸಮತೋಲನ ಜಲಾಶಯದ ಬಗ್ಗೆಯೂ ಒಂದು ಮಾತು. ಆಗಲಿ, ಬೇಡ ಎನ್ನುವವರು ಯಾರು? ಆದರೆ ಅದಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು, ಜಮೀನು ಬೇಕು, ಹಣ ಬೇಕು. ಅದು ಕಟ್ಟಿ ಮುಗಿಯುವವರೆಗೆ ಬರಗಾಲ ಕಾದು ಕೂರುವುದಿಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಕೃಷ್ಣಾ ನದಿಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯಕ್ಕೆ ಹಾಕಿದ ಲೆಕ್ಕ 230 ಟಿಎಂಸಿ. ಅದರಲ್ಲಿ 18 ಟಿಎಂಸಿ ಆವಿಯಾಗಿ ಹೋಗುತ್ತದೆ ಎಂದು ಬಿಟ್ಟರು. ಉಳಿದ 212ರಲ್ಲಿ ಕರ್ನಾಟಕಕ್ಕೆ 138.99 ಟಿಎಂಸಿ. ಇಡೀ ಕೃಷ್ಣಾ ಕಣಿವೆಯ ಹಂಚಿಕೆಯನ್ನು ಅವರು ನಿಲ್ಲಿಸಿದ್ದು 75% ಭರವಸೆಯ ಹರಿವಿನ ಮೇಲೆ. ಅಂದರೆ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಷ್ಟು ನೀರು ಬರುತ್ತದೆ, ಒಂದು ವರ್ಷ ಬರುವುದಿಲ್ಲ ಎಂದು ಒಪ್ಪಿಕೊಂಡೇ ಬರೆದ ತೀರ್ಪು ಅದು. ಅದಕ್ಕೆ ಬಳಸಿದ್ದು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವು. ಈಗಿನ ಮಳೆ, ಈಗಿನ ಬಿಸಿಲು ಆ ಪಟ್ಟಿಯಲ್ಲಿ ಇಲ್ಲ. ಮೇಲೆ ಹೊಸ ಬಳಕೆಯೂ ಬರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಗೆ 29.9 ಟಿಎಂಸಿ ಎಂದಿದೆ. ಚಿತ್ರದುರ್ಗ, ತುಮಕೂರಿನ ಒಣಭೂಮಿಯವರಿಗೆ ನೀರು ಹೋಗಬೇಕು, ಅವರ ಕಷ್ಟ ನಮಗೆ ಗೊತ್ತು. ಆದರೆ ಅಷ್ಟು ಮೇಲೆ ಎತ್ತಿಕೊಂಡ ಮೇಲೂ ಕೆಳಗೆ ಹಳೇ ಅಂಕಿಯನ್ನೇ ಹಿಡಿದು ಬೆಳೆ ಹಾಕಿಸಿದರೆ ಹೇಗೆ?

ಆದರೂ ನ್ಯಾಯಮಂಡಳಿಯ ವ್ಯವಸ್ಥೆಯಲ್ಲಿ ಒಂದು ಒಳ್ಳೆಯದಿದೆ. ವರ್ಷದ ನೀರು ಎಷ್ಟು ಸಿಗಬಹುದು ಎಂದು ಅಂದಾಜು ಮಾಡಿ, ಕಡಿಮೆಯಾದರೆ ರಾಜ್ಯಗಳ ಪಾಲನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಆಂಧ್ರದ ಪಾಲೂ ಇಳಿಯುತ್ತದೆ, ನಮ್ಮದೂ ಇಳಿಯುತ್ತದೆ. ಕೊರತೆಯನ್ನು ಎಲ್ಲರೂ ಹೊರುತ್ತಾರೆ. ಆ ನೀರು ನಮ್ಮ ಕಾಲುವೆಯ ಬಾಯಿಗೆ ಬಂದ ಮೇಲೆ ಈ ನ್ಯಾಯ ಮಾಯವಾಗುತ್ತದೆ. ಮೇಲ್ಭಾಗದವರಿಗೆ ಸಾಕಾದ ಮೇಲೆ ಉಳಿದರೆ ಕೆಳಗೆ. 20% ನೀರು ಕಡಿಮೆಯಾದರೆ ಎಲ್ಲರಿಗೂ 20% ಕಡಿಮೆ ಆಗಬೇಕಲ್ವಾ? ನಮ್ಮಲ್ಲಿ ಮೊದಲ 50 ಮೈಲಿಗೆ ಕಡಿತ ಗೊತ್ತೇ ಆಗುವುದಿಲ್ಲ, ಕೊನೆಯವರಿಗೆ ಪೂರ್ತಿ ಒಣಗುತ್ತದೆ. ರಾಜ್ಯ ರಾಜ್ಯಗಳ ನಡುವೆ ಪಾಲಿಸುವ ಲೆಕ್ಕವನ್ನು ಒಂದೇ ಕಾಲುವೆಯ ರೈತರ ನಡುವೆ ಪಾಲಿಸಲು ಏನು ಅಡ್ಡಿ?

ಇದಕ್ಕೆ ನೀವು ಕೊಡುವ ಉತ್ತರ ಗೊತ್ತು. "ಎಲ್ಲರೂ ಭತ್ತ ಹಾಕಿದರೆ ನಾವೇನು ಮಾಡೋಣ?" ಮಾತು ನಿಜ. ಈ ಅಚ್ಚುಕಟ್ಟಿಗೆ ಬೆಳೆ ನಿಗದಿ ಮಾಡಿದಾಗ ಬಹುಪಾಲು ಅರೆ ಖುಷ್ಕಿ, ಅಂದರೆ ಕಡಿಮೆ ನೀರಿನ ಬೆಳೆಗಳೇ ಇದ್ದವು. ಜೋಳ, ಶೇಂಗಾ, ಹತ್ತಿ. ಭತ್ತಕ್ಕೆ ಸ್ವಲ್ಪ ಜಾಗ. ಒಂದು ಹಂಗಾಮಿನ ಭತ್ತಕ್ಕೆ 1,200 ಮಿ.ಮೀ. ಆಸುಪಾಸು ನೀರು ಬೇಕು. ಜೋಳಕ್ಕೆ 450ರಿಂದ 500 ಸಾಕು. ಒಂದು ಎಕರೆ ಭತ್ತದ ನೀರಿನಲ್ಲಿ ಎರಡೂವರೆ ಎಕರೆ ಜೋಳ ಬರುತ್ತದೆ. ಈಗ ಗಂಗಾವತಿಯಿಂದ ಸಿಂಧನೂರಿನವರೆಗೆ ಕಣ್ಣು ಹಾಯಿಸಿದಷ್ಟೂ ಭತ್ತ.

ಆದರೆ ಭತ್ತ ಹಾಕಿದವರನ್ನು ಬೈಯಲು ನಾನು ತಯಾರಿಲ್ಲ. ನೀರು ಸಿಕ್ಕರೆ ನಾನೂ ಭತ್ತವನ್ನೇ ಹಾಕುತ್ತೇನೆ. ಯಾಕೆಂದರೆ ಭತ್ತಕ್ಕೆ ಮಿಲ್ ಇದೆ, ದಲ್ಲಾಳಿ ಕಣದ ಹತ್ತಿರವೇ ಬರುತ್ತಾನೆ, ಅಂಗಡಿಯವನು ಸಾಲ ಕೊಡುತ್ತಾನೆ. ಜೋಳ ಬೆಳೆದರೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ ಎಂದು ಕಾಯಬೇಕು. ತೆರೆಯುವಷ್ಟರಲ್ಲಿ ಅರ್ಧ ರೈತರು ಸಂತೆಯಲ್ಲಿ ಸಿಕ್ಕ ರೇಟಿಗೆ ಕೊಟ್ಟು ಕೈತೊಳೆದುಕೊಂಡಿರುತ್ತಾರೆ. "ಜೋಳ ಬೆಳೆಯಿರಿ" ಎಂದು ನೀರಾವರಿ ಸಭೆಯಲ್ಲಿ ಹೇಳುತ್ತೀರಿ, ಜೋಳ ಕೊಳ್ಳುವ ಇಲಾಖೆ ಆ ಸಭೆಯಲ್ಲಿ ಇರುತ್ತದೆಯೇ? ಇನ್ನೊಂದು ವಿಚಿತ್ರ ನೋಡಿ. ಮೇಲ್ಭಾಗದ ಎಷ್ಟೋ ಹೊಲಗಳು ನೀರು ಜಾಸ್ತಿಯಾಗಿ ಸವುಳು ಹಿಡಿದಿವೆ. ಕೆಳಭಾಗದ ಎರೆಭೂಮಿ ನೀರಿಲ್ಲದೆ ಬಿರಿದಿದೆ. ಒಂದೇ ಕಾಲುವೆ ಎರಡೂ ಕಡೆ ನೆಲ ಕೆಡಿಸುತ್ತಿದೆ. ಮೇಲಿನವರಿಗೆ ಸ್ವಲ್ಪ ಕಡಿಮೆ ಕೊಟ್ಟರೆ ಅವರ ನೆಲಕ್ಕೂ ಒಳ್ಳೆಯದೇ. ಸಸಿ ಮಡಿ, ಕೆಸರು ಗದ್ದೆ ಇಲ್ಲದೆ ಕೂರಿಗೆಯಲ್ಲಿ ಬಿತ್ತುವ ಭತ್ತವನ್ನು ನಮ್ಮ ಭಾಗದಲ್ಲಿ ಎಷ್ಟೋ ಜನ ಮಾಡುತ್ತಿದ್ದಾರೆ. ಕಳೆ ಕಾಟ ಇದೆ, ಆದರೆ ನೀರು ಉಳಿಯುತ್ತದೆ. ಅದಕ್ಕೆ ಬೀಜ, ಕಳೆನಾಶಕ, ಕೂರಿಗೆ ಬಾಡಿಗೆಗೆ ನೆರವು ಕೊಟ್ಟರೆ ಭಾಷಣಕ್ಕಿಂತ ಬೇಗ ಕೆಲಸ ಆಗುತ್ತದೆ.

ಅಕ್ರಮ ನೀರಾವರಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಾಲುವೆ ಒಡೆದು ಪೈಪ್ ಹಾಕುವವರು, ರಾತ್ರಿ ಪಂಪ್ ಹಚ್ಚುವವರು ಯಾರು ಎನ್ನುವುದು ಊರಿಗೆಲ್ಲ ಗೊತ್ತು. ಅದನ್ನು ತಡೆಯಲೆಂದೇ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿರಿ, ಒಳ್ಳೆಯದಾಯಿತು. ನೀರು ಕಡಿಮೆಯಾದಾಗ ಕಾಲುವೆ ದಂಡೆಯ ಮೇಲೆ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸುತ್ತೀರಿ. ಪೊಲೀಸರು ಹೋದ ದಿನವೇ ಪಂಪ್ ವಾಪಸು ಬರುತ್ತದೆ. ನೀರು ಕಾಯಬೇಕಾದ ಗ್ಯಾಂಗ್‌ಮನ್‌ಗಳಲ್ಲಿ ಬಹಳಷ್ಟು ಜನ ಹೊರಗುತ್ತಿಗೆಯವರು. ಸಂಬಳಕ್ಕೇ ತಿಂಗಳುಗಟ್ಟಲೆ ಕಾಯುವ ಮನುಷ್ಯ ಊರಿನ ದೊಡ್ಡ ಕುಳವನ್ನು ಎದುರು ಹಾಕಿಕೊಂಡು ತೂಬು ಮುಚ್ಚುತ್ತಾನೆಯೇ? ಸುಮ್ನೆ ಅವನ ಮೇಲೆ ತಪ್ಪು ಹೊರಿಸಬೇಡಿ.

ತುಂಬದ ವರ್ಷದ ನಿಯಮ ಹೇಗಿರಬೇಕು ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ. ತಿದ್ದುವುದು ನಿಮ್ಮ ಇಂಜಿನಿಯರುಗಳ ಕೆಲಸ. ಜುಲೈ ಕೊನೆಗೆ, ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಕೊನೆಗೆ ಜಲಾಶಯದಲ್ಲಿ ಎಷ್ಟಿದ್ದರೆ ಏನು ಎನ್ನುವುದು ಒಂದೇ ಪುಟದಲ್ಲಿ ಇರಲಿ. ಇಷ್ಟಿದ್ದರೆ ನಿಗದಿಯಾದ ಎಲ್ಲ ಬೆಳೆಗೆ ನೀರು. ಇದಕ್ಕಿಂತ ಇಳಿದರೆ ಇಡೀ ಕಾಲುವೆಯಲ್ಲಿ ಭತ್ತದ ನಾಟಿಗೆ ನೀರಿಲ್ಲ, ಅರೆ ಖುಷ್ಕಿಗೆ ಮಾತ್ರ. ಇನ್ನೂ ಇಳಿದರೆ ಪ್ರತಿ ವಿತರಣಾ ಕಾಲುವೆಗೆ ಶೇಕಡಾ ಇಷ್ಟು, ಸರದಿ ಹೀಗೆ, ಸರದಿ ಶುರುವಾಗುವುದು ಕೆಳಭಾಗದಿಂದ. ಕುಡಿಯುವ ನೀರಿನ ಕೆರೆ ತುಂಬಿಸುವುದು ಎಲ್ಲಕ್ಕಿಂತ ಮೊದಲು. ಇದು ಗೊತ್ತಿದ್ದರೆ ಜುಲೈನಲ್ಲಿ ಅಣೆಕಟ್ಟಿನ ಮಟ್ಟ ನೋಡಿ ನಾನೇ ನಿರ್ಧಾರ ಮಾಡುತ್ತೇನೆ. ಸಭೆಗೆ ಕಾಯಬೇಕಿಲ್ಲ, ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ.

ಇದು ಆಗದ ಹೋಗದ ಮಾತೇನಲ್ಲ. ಅಮೆರಿಕದ ಕೊಲರಾಡೊ ನದಿಯನ್ನು 1922ರಲ್ಲಿ ಹಂಚಿಕೊಂಡಾಗ ಅವರೂ ಮಳೆ ಚೆನ್ನಾಗಿದ್ದ ವರ್ಷಗಳ ಲೆಕ್ಕ ಹಿಡಿದು ನದಿಯಲ್ಲಿ ಇಲ್ಲದ ನೀರನ್ನು ಹಂಚಿದ್ದರು. 2007ರಲ್ಲಿ ಕೊರತೆಯ ನಿಯಮ ಬರೆದರು. ಆ ನದಿಯ ಮೀಡ್ ಜಲಾಶಯದ ಮಟ್ಟ 1,075 ಅಡಿಗಿಂತ ಇಳಿದರೆ ಕಡಿತ ಶುರು ಎಂದು. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಆ ಕೊರತೆ ಘೋಷಣೆಯಾಯಿತು. ಯಾರಿಗೆ ಎಷ್ಟು ಕಡಿತ ಎನ್ನುವುದು ಮೊದಲೇ ಬರೆದಿತ್ತು. ಅಲ್ಲಿನ ಹಂಚಿಕೆ ನ್ಯಾಯವೋ ಅನ್ಯಾಯವೋ, ಅದು ಬೇರೆ ಜಗಳ. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಕಣಿವೆಯಲ್ಲಿ ರೈತನ ಹಕ್ಕಿನಲ್ಲಿ ಈ ಸಲ ಶೇಕಡಾ ಇಷ್ಟು ಎಂದು ಹಂಗಾಮಿನ ಶುರುವಿನಲ್ಲೇ ಪ್ರಕಟಿಸುತ್ತಾರೆ. ನೀರು ಬಂದ ಹಾಗೆ ಆ ಅಂಕಿ ಏರಿಸುತ್ತಾ ಹೋಗುತ್ತಾರೆ. ಮೊದಲು ಕಡಿಮೆ ಹೇಳಿ ಆಮೇಲೆ ಜಾಸ್ತಿ ಕೊಡುವುದು. ನಮ್ಮಲ್ಲಿ ಮೊದಲು ಪೂರ್ತಿ ಹೇಳಿ ಆಮೇಲೆ ಕೈ ಎತ್ತುವುದು.

ತಾರೀಖಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎಂದರೆ, ನಮ್ಮಲ್ಲಿ ಬಹಳಷ್ಟು ಹೊಲ ಲೀಜಿನ ಮೇಲೆ ನಡೆಯುತ್ತದೆ. ಯುಗಾದಿ ಹೊತ್ತಿಗೆ ಮಾತು ಮುಗಿದಿರುತ್ತದೆ, ಹಣ ಕೈ ಬದಲಾಗಿರುತ್ತದೆ. ಲೀಜಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆಳೆ ಒಣಗಿದರೆ ಪರಿಹಾರ ಹೊಲದ ಮಾಲೀಕನ ಖಾತೆಗೆ ಹೋಗುತ್ತದೆ, ಸಾಲ ಇವನ ತಲೆ ಮೇಲೆ ಉಳಿಯುತ್ತದೆ. ನೀರಿಲ್ಲ ಎನ್ನುವುದು ಬಿತ್ತುವ ಮೊದಲು ಗೊತ್ತಾದರೆ ಅವನಿಗೆ ಆಗುವುದು ಲೀಜಿನ ನಷ್ಟ ಮಾತ್ರ. ತೆನೆ ಬಿಡುವ ಹೊತ್ತಿಗೆ ಗೊತ್ತಾದರೆ ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ಎಲ್ಲ ಮಣ್ಣುಪಾಲು. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆ ಕೊಡುತ್ತದೆ, ಮೇ ಕೊನೆಗೆ ತಿದ್ದಿ ಹೇಳುತ್ತದೆ, ಜುಲೈ ಕೊನೆಗೆ ಉಳಿದ ಎರಡು ತಿಂಗಳ ಅಂದಾಜು ಕೊಡುತ್ತದೆ. ಅದು ಒಮ್ಮೊಮ್ಮೆ ತಪ್ಪಬಹುದು. ಆದರೆ ಆ ಮೂರು ಅಂದಾಜುಗಳನ್ನು ಮುಂದಿಟ್ಟುಕೊಂಡು ಮಾಡುವ ತೀರ್ಮಾನ, "ನೋಡೋಣ, ದೇವರು ಕೊಡುತ್ತಾನೆ" ಎನ್ನುವುದಕ್ಕಿಂತ ವಾಸಿ.

ಜೊತೆಗೆ, ಜಲಾಶಯದ ಮಟ್ಟ ದಿನಾ ಬೆಳಿಗ್ಗೆ ಎಲ್ಲರ ಮೊಬೈಲಿಗೆ ಬರುತ್ತದೆ. ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಮಗೆ ಬೇಕಾದ ಅಂಕಿ ಅದಲ್ಲ. ಕಾಲುವೆಯ 69ನೇ ಮೈಲಿನಲ್ಲಿ ಇವತ್ತು ಎಷ್ಟು ಹೋಗುತ್ತಿದೆ, 104ನೇ ಮೈಲಿನಲ್ಲಿ ಎಷ್ಟು, ನಮ್ಮ ವಿತರಣಾ ಕಾಲುವೆಯ ಬಾಯಲ್ಲಿ ಎಷ್ಟು. ಗೇಜ್ ಓದುವವರು ಇದ್ದಾರೆ, ಬರೆದೂ ಇಡುತ್ತಾರೆ. ಅದನ್ನು ದಿನಾ ಪಂಚಾಯಿತಿಯ ಬೋರ್ಡಿಗೆ, ನೀರು ಬಳಕೆದಾರರ ಸಂಘಗಳ ವಾಟ್ಸಾಪ್ ಗ್ರೂಪಿಗೆ ಹಾಕಲು ಹೊಸ ಯೋಜನೆ ಬೇಕಿಲ್ಲ, ಟೆಂಡರ್ ಬೇಕಿಲ್ಲ. ನೀರು ಎಲ್ಲಿ ಕಳೆದುಹೋಯಿತು ಎನ್ನುವುದು ಎಲ್ಲರಿಗೂ ಕಾಣುವಂತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದ ಅರ್ಧವನ್ನು ಕೊನೇಪಕ್ಷ ಅಂಕಿ ಹಿಡಿದು ಆಡಬಹುದು.

ಮೇಲ್ಭಾಗದ ಶಾಸಕರಿಗೆ ಒಂದು ಮಾತು. ಇಂಥ ನಿಯಮಕ್ಕೆ ಕೈ ಎತ್ತಿದರೆ ನಿಮ್ಮ ಊರಿನವರು ಸಿಟ್ಟಾಗುತ್ತಾರೆ ಎನ್ನುವುದು ನನಗೂ ಗೊತ್ತು. ಅದಕ್ಕೇ ಇದು ಬರದ ವರ್ಷ ಬರೆಯುವ ನಿಯಮವಲ್ಲ. ಬರದ ವರ್ಷ ಯಾರೂ ಬಿಟ್ಟುಕೊಡುವುದಿಲ್ಲ, ನಾವೂ ಬಿಟ್ಟುಕೊಡುವುದಿಲ್ಲ. ನೀರಿರುವಾಗ, ಎಲ್ಲರ ತಲೆ ತಣ್ಣಗಿರುವಾಗ ಬರೆದರೆ ಮಾತ್ರ ಆಗುತ್ತದೆ. ಗೇಟುಗಳನ್ನು ಬದಲಿಸುವ ಕೆಲಸಕ್ಕೆ ಕೈ ಹಾಕಿದ್ದಾಗಿದೆ, ಅಣೆಕಟ್ಟಿಗೆ ಎಪ್ಪತ್ತು ವರ್ಷ ದಾಟಿದೆ. ಕಬ್ಬಿಣಕ್ಕೆ ಖರ್ಚು ಮಾಡುವ ಹೊತ್ತಿನಲ್ಲೇ ಕಾಗದದ ಕೆಲಸವನ್ನೂ ಮುಗಿಸಿಬಿಡಿ.

ಮುಂದಿನ ಮುಂಗಾರು ಹಂಗಾಮಿನ ಸಭೆಗೆ ಮೊದಲು ಈ ಕರಡು ಸಿದ್ಧವಾಗಲಿ. ಅದನ್ನು ಕನ್ನಡದಲ್ಲಿ ಪ್ರಕಟಿಸಿ, ನಮ್ಮ ಆಕ್ಷೇಪಣೆಗೆ ಒಂದು ತಿಂಗಳು ಕೊಡಿ. ಸಭೆಯಲ್ಲಿ ಕೆಳಭಾಗದ ನೀರು ಬಳಕೆದಾರರ ಸಂಘಗಳಿಗೆ ಕೂತು ಮಾತಾಡಲು ಜಾಗ ಕೊಡಿ, ಹೊರಗೆ ನಿಂತು ಮನವಿ ಪತ್ರ ಕೊಡುವುದು ಸಾಕಾಗಿದೆ. ಆಗುವುದಾದರೆ ಆ ಒಂದು ಸಭೆಯನ್ನು ಮಾನ್ವಿಯಲ್ಲೋ ಸಿರವಾರದಲ್ಲೋ ಕರೆಯಿರಿ. ತಾರೀಖು ತಿಳಿಸಿದರೆ ನಮ್ಮ ಉಪಕಾಲುವೆಯ ಲೆಕ್ಕ ಬರೆದುಕೊಂಡು ನಾವು ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಎಡದಂಡೆ ಕಾಲುವೆಯ ಕೆಳಭಾಗದ ಒಬ್ಬ ರೈತ